ಸೊಲ್ಲಾಪುರ ಸೀಮೆಯಲ್ಲಿ ಎಚ್‌ಐವಿ ಮತ್ತು ಮನಸ್ಸಿನ ಬ್ಯಾನಿ

ನಮ್ಮ ಅಕ್ಕಲಕೋಟೆ ಕಡೆ ‘ಆ ಬ್ಯಾನಿ’ ಅಂದರೆ ಸಾಕು, ಹೆಸರು ಹೇಳಬೇಕಾಗಿಲ್ಲ. ಎಚ್‌ಐವಿಯ ಚರಿತ್ರೆಯನ್ನು ಸಾವು ಮತ್ತು ಔಷಧಿಗಳ ಲೆಕ್ಕದಲ್ಲಿ ಬರೆದವರು ಬಹಳ. ಅದರೊಂದಿಗೆ ಬದುಕಿದವರ ಮನಸ್ಸಿನ ಕಡೆ ನಾವು ಸ್ವಲ್ಪ ನೋಡೋಣ.

ಭಾರತದಲ್ಲಿ ಈ ಸೋಂಕನ್ನು ಮೊದಲು ಪತ್ತೆ ಹಚ್ಚಿದವರು ಮದ್ರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ತಂಡ, 1986ರಲ್ಲಿ. ಮುಂದೆ ಸೋಂಕು ಹೆಚ್ಚಿರುವ ಆರು ರಾಜ್ಯಗಳನ್ನು ಗುರುತಿಸಿದಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ಅದರಲ್ಲಿದ್ದವು. ಪುಣೆ, ಹೈದರಾಬಾದ್, ವಿಜಯಪುರದ ರಸ್ತೆಗಳು ಕೂಡುವ ಸೊಲ್ಲಾಪುರ ಈ ಎರಡರ ಗಡಿಯಲ್ಲೇ ಇದೆ. ಆಗಿನ ಪ್ರಚಾರವೆಲ್ಲ ಹೆದರಿಸುವಂಥದು: ಏಡ್ಸ್ ಅಂದರೆ ಸಾವು. ಸೋಂಕು ತಗುಲಿದವರೂ ಆ ಗೋಡೆಬರಹವನ್ನೇ ಓದುತ್ತಾರೆಂದು ಬರೆಸಿದವರು ಯೋಚಿಸಿದಂತಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು 51 ಸೋಂಕಿತರನ್ನು ಅಭ್ಯಾಸ ಮಾಡಿ 1998ರಲ್ಲಿ ಪ್ರಕಟಿಸಿದರು. ಶೇ. 40ರಷ್ಟು ಜನರಲ್ಲಿ ಖಿನ್ನತೆ, ಶೇ. 36ರಷ್ಟು ಜನರಲ್ಲಿ ಆತಂಕ ಕಂಡಿತ್ತು. ಮೈನೋವು, ಕುಡಿತ, ಮನೆಯವರೊಂದಿಗೆ ಕೆಟ್ಟ ಸಂಬಂಧ, ಗಂಡ ಅಥವಾ ಹೆಂಡತಿಗೂ ಏಡ್ಸ್ ಆಗಿರುವುದು – ಇವು ಅದರೊಂದಿಗೆ ಹೆಣೆದುಕೊಂಡಿದ್ದವು. ಇದರಲ್ಲಿ ವೈರಸ್ಸಿನ ಪಾಲೆಷ್ಟು, ಊರಿನ ಪಾಲೆಷ್ಟು, ಓದುಗರೇ ಹೇಳಲಿ.

2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಗುಳಿಗೆಗಳನ್ನು ಪುಕ್ಕಟೆ ಕೊಡತೊಡಗಿತು. ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋದರು. ಆದರೆ ಬಹುಕಾಲ ಕೊಟ್ಟ ಗುಳಿಗೆಗಳಲ್ಲಿ ಒಂದಾದ ಎಫಾವಿರೆಂಜ್ ಕೆಲವರಿಗೆ ತಲೆತಿರುಗು, ಭಯಂಕರ ಕನಸು, ಖಿನ್ನತೆಯನ್ನೂ ತಂದಿತು. ನಡುರಾತ್ರಿ ಚೀರಿ ಎದ್ದವರಿಗೆ ದೆವ್ವ ಬಡಿದಿದೆ ಎಂದು ತಾಯಿತ ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಇಲ್ಲಿ ಕಾರಣ ಗುಳಿಗೆಯಲ್ಲಿರಬಹುದಿತ್ತು. 2020ರ ನಂತರ ಅದರ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ. ಇದರಿಂದಲೂ ಕೆಲವರಿಗೆ ನಿದ್ದೆ ಕೆಡುತ್ತದೆ; ಆಗ ಗುಳಿಗೆ ಬಿಡಬಾರದು, ಡಾಕ್ಟರಿಗೆ ಹೇಳಬೇಕು. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ಹರಡುವುದಿಲ್ಲ. ಈ ಮಾತು ಎಷ್ಟೋ ದಂಪತಿಗಳ ಅರ್ಧ ಆತಂಕ ಕಳೆಯಬಲ್ಲದು. ನಮ್ಮೂರ ಕಟ್ಟೆಗೆ ಅದಿನ್ನೂ ಬಂದಿಲ್ಲ.

ಶಿಕ್ಷಕರಾದ ನಾವು ತಿಳಿದಿರಬೇಕಾದದ್ದು 2017ರ ಎಚ್‌ಐವಿ ಕಾಯ್ದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲ.

ಇನ್ನೊಂದು ತೊಡಕು ಭಾಷೆಯದು. ‘ಎದಿ ಡವಡವ ಅಂತದ, ಜೀವಕ್ಕ ಸಮಾಧಾನಿಲ್ಲ’ ಎಂಬ ಮಾತು ಮರಾಠಿಗೆ ಹೋಗುವಾಗ ಬರೀ ‘ನಿದ್ದೆ ಬರುವುದಿಲ್ಲ’ ಎಂದಾಗುತ್ತದೆ. ಚೀಟಿಯಲ್ಲಿ ನಿದ್ದೆ ಗುಳಿಗೆ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಅಂದರೆ 14416, ಪುಕ್ಕಟೆ; ಹಗಲು ರಾತ್ರಿ ಇರುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.