ಮೊದಲ ಸಾಲಿನಲ್ಲಿ ಕೂತವರ ನಾಟಕ

ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಕಟ್ಟಿಕೊಂಡ ಹವ್ಯಾಸಿ ನಾಟಕ ತಂಡವೊಂದಿದೆ. ವಾರವೆಲ್ಲ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಕಾಯುವ ನನಗೆ ಅಲ್ಲಿಯೂ ಅದೇ ಕೆಲಸ: ಬಜೆಟ್ಟು, ವೇಳಾಪಟ್ಟಿ, ಹಾಲ್ ಬುಕಿಂಗು. ಬರುವ ಹಂಗಾಮಿಗೆ ಮೂರು ಹೊಸ ಸಾಮಾಜಿಕ ನಾಟಕ ಆಡೋಣವೆಂದು ಮಾತಾಯಿತು. ರೈತರ ಸಾಲದ ಮೇಲೊಂದು, ನದಿ ಮಾಲಿನ್ಯದ ಮೇಲೊಂದು. ಎರಡಕ್ಕೂ ಯಾರ ತಕರಾರೂ ಇರಲಿಲ್ಲ. ಮೂರನೆಯದು, ಬಾಡಿಗೆಗೆ ಮನೆ ಕೇಳಿ ಬಂದವರ ಜಾತಿ ವಿಚಾರಿಸುವ ಫ್ಲ್ಯಾಟ್ ಮಾಲೀಕನ ಕಥೆ. 'ಇದನ್ನ ಮುಂದಿನ ವರ್ಷ ನೋಡೋಣ' ಎಂದವನು ನಾನೇ.

ಹಾಗೆಂದದ್ದು ಮನಸ್ಸಿಗೆ ಕಸಿವಿಸಿಯಾಗಿ, ನಮ್ಮ ಕಡೆಯ ಮೊದಲ ಸಾಮಾಜಿಕ ನಾಟಕಗಳು ಯಾವ ವಿಷಯ ಎತ್ತಿಕೊಂಡವು ಎಂದು ಹುಡುಕುತ್ತ ಹೋದೆ. ಮೂರು ಭಾಷೆಗಳಲ್ಲಿ ಒಂದೇ ವಿಷಯ ಸಿಕ್ಕಿತು: ಹಣ ತೆಗೆದುಕೊಂಡು ಪುಟ್ಟ ಹುಡುಗಿಯನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯ.

ಮೊದಲನೆಯದು ನಮ್ಮದೇ. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಇದು 1887ರಲ್ಲಿ ಅಚ್ಚಾದದ್ದು ಮುಂಬಯಿಯಲ್ಲಿ. ನಮ್ಮ ಹಾಗೆ ಊರು ಬಿಟ್ಟವರಿಗೆ ಇದು ಹೆಮ್ಮೆಯ ಸಂಗತಿಯೇ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಭಾಷೆ. ಹವ್ಯಕರಾದ ಶಾಸ್ತ್ರಿಗಳು ಹವ್ಯಕರ ಮನೆಮಾತಿನಲ್ಲೇ ಪಾತ್ರಗಳನ್ನು ಮಾತಾಡಿಸಿದರು. 'ಇದು ಬೇರೆ ಯಾರದೋ ಕಥೆ' ಎಂದು ಜಾರಿಕೊಳ್ಳಲು ಓದುಗರಿಗೆ ದಾರಿಯೇ ಇರಲಿಲ್ಲ.

ಎರಡನೆಯದು ಗುರಜಾಡ ಅಪ್ಪಾರಾವ್ ಅವರ ತೆಲುಗು ನಾಟಕ 'ಕನ್ಯಾಶುಲ್ಕಂ'. 1892ರಲ್ಲಿ ವಿಜಯನಗರಂನಲ್ಲಿ ರಂಗಕ್ಕೆ ಬಂತು, 1897ರಲ್ಲಿ ಅಚ್ಚಾಯಿತು. ಅಲ್ಲಿನ ಮಹಾರಾಜ ಆನಂದ ಗಜಪತಿ ವಿಶಾಖಪಟ್ಟಣ ಜಿಲ್ಲೆಯ ಬ್ರಾಹ್ಮಣ ಕುಟುಂಬಗಳಲ್ಲಿ ನಡೆದ ಶುಲ್ಕದ ಮದುವೆಗಳ ಪಟ್ಟಿ ಮಾಡಿಸಿದ್ದರು. ಮುನ್ನುಡಿಯಲ್ಲಿ ಗುರಜಾಡರು ಆ ಲೆಕ್ಕ ಕೊಡುತ್ತಾರೆ: ಮೂರು ವರ್ಷಗಳಲ್ಲಿ 1034 ಮದುವೆ. ವಧುಗಳಲ್ಲಿ 99 ಮಂದಿಗೆ ಐದು ವರ್ಷ, ಮೂವರಿಗೆ ಒಂದೇ ವರ್ಷ. ದಿನವೂ ಎಕ್ಸೆಲ್ ಹಾಳೆ ನೋಡುವ ನಾನು ಆ ಸಾಲಿನಿಂದ ಬೇಗ ಕಣ್ಣು ಕೀಳಲಾಗಲಿಲ್ಲ. ಇಂಥ ಲೆಕ್ಕ ಎದುರಿಗಿಟ್ಟುಕೊಂಡೂ ಗುರಜಾಡರು ಬರೆದದ್ದು ಭಾಷಣವಲ್ಲ, ಜನ ಹೊಟ್ಟೆ ಹಿಡಿದು ನಗುವ ಪ್ರಹಸನ. ಅದೂ ಆಡುಮಾತಿನಲ್ಲಿ.

ಮೂರನೆಯದು ಗೋವಿಂದ ಬಲ್ಲಾಳ ದೇವಲರ ಮರಾಠಿ 'ಸಂಗೀತ ಶಾರದಾ', 1899ರದು. ಆಡಿದ್ದು ಕಿರ್ಲೋಸ್ಕರ್ ನಾಟಕ ಮಂಡಳಿ. ಅದರ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 'ಶಾಕುಂತಲ', 'ಸೌಭದ್ರ'ಗಳಂಥ ಪುರಾಣದ ಕಥೆಗಳಿಂದ ಹೆಸರು ಮಾಡಿದ ಕಂಪನಿ ಅದು. ಅದೇ ರಂಗದ ಮೇಲೆ, ಅಷ್ಟೇ ಇಂಪಾದ ಹಾಡುಗಳ ನಡುವೆ, ಹಣದಾಸೆಗೆ ಬಿದ್ದ ಅಪ್ಪ ಕಾಂಚನಭಟ್ಟ ಮಗಳನ್ನು ಮುದುಕ ಭುಜಂಗನಾಥನಿಗೆ ಕೊಡಲು ಹೊರಟ. ಹಾಡು ಕೇಳಲು ಬಂದವರು ತಮ್ಮ ಓಣಿಯ ಮನೆಯೊಂದನ್ನೇ ಕಂಡರು.

1929ರ ಬಾಲ್ಯವಿವಾಹ ತಡೆ ಕಾಯ್ದೆಗೆ 'ಶಾರದಾ ಕಾಯ್ದೆ' ಎಂಬ ಹೆಸರು ಈ ನಾಟಕದಿಂದಲೇ ಬಂತೆಂದು ಇಲ್ಲಿ ನನಗೆ ಹೇಳಿದವರಿದ್ದಾರೆ. ಅದು ನಿಜವಲ್ಲ, ಮಸೂದೆ ತಂದ ಅಜ್ಮೀರದ ಹರ್‌ಬಿಲಾಸ್ ಸಾರ್ದಾ ಅವರ ಹೆಸರದು. ಹುಡುಗಿಯ ಮದುವೆಗೆ ಕನಿಷ್ಠ 14 ವರ್ಷ ಎಂದು ಅದು ವಿಧಿಸಿದಾಗ 'ಶಾರದಾ' ರಂಗಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ನಾಟಕದಿಂದ ಕಾನೂನು ಹುಟ್ಟಿತೆಂದು ನಾನು ಹೇಳಲಾರೆ. ಆದರೆ ಆ ಮೂವತ್ತು ವರ್ಷ, 'ನಮ್ಮ ಮನೆಯಲ್ಲಿ ಹಾಗೇನಿಲ್ಲ' ಎನ್ನುವುದು ನಾಟಕ ನೋಡಿದವರಿಗೆ ಸ್ವಲ್ಪವಾದರೂ ಕಷ್ಟವಾಗಿರಬೇಕು.

ಮೂವರೂ ದೂರದವರ ದುಃಖ ಬರೆಯಲಿಲ್ಲ. ತಪ್ಪು ಮಾಡುತ್ತಿದ್ದವರನ್ನೇ ಮೊದಲ ಸಾಲಿನಲ್ಲಿ ಕೂರಿಸಿಕೊಂಡು ಬರೆದರು. ನಮ್ಮ ತಂಡದಲ್ಲಿ ಒಬ್ಬ ರೈತನೂ ಇಲ್ಲ. ಆ ನಾಟಕ ನೋಡಿ ನಾವು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತೇವೆ. ಫ್ಲ್ಯಾಟ್ ಮಾಲೀಕರು ಮಾತ್ರ ಬೇಕಾದಷ್ಟಿದ್ದೇವೆ. ಎರಡು ವರ್ಷದ ಕೆಳಗೆ ನನ್ನ ಫ್ಲ್ಯಾಟ್ ಬಾಡಿಗೆಗೆ ಕೊಡುವಾಗ, ಫೋನಿನಲ್ಲಿ ಮಾತಾಡಿದ ಹುಡುಗನ ಅಡ್ಡಹೆಸರನ್ನು ನಾನು ಎರಡು ಸಲ ಕೇಳಿದ್ದೆ. ಆಮೇಲೆ ಮನೆ ಆಗಲೇ ಹೋಯಿತು ಎಂದಿದ್ದೆ. ಹೋಗಿರಲಿಲ್ಲ.

ಕಳೆದ ಭಾನುವಾರದ ಸಭೆಯಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬರು ತಮ್ಮದೂ ಹೇಳಿದರು. ಮೂರನೆಯ ನಾಟಕವನ್ನೇ ಮೊದಲು ಆಡುವುದೆಂದಾಯಿತು. ಅದನ್ನು ಬರೆದ ಹುಡುಗಿ ಒಂದೇ ಷರತ್ತು ಹಾಕಿದ್ದಾಳೆ: ಮಾಲೀಕನ ಪಾತ್ರ ನಾನೇ ಮಾಡಬೇಕು.