ಗಾಳಿ ಕಾದು ಹೊರಟವರು

ಕೊಪ್ಪಳ ಜಿಲ್ಲೆಯ ಕುಕನೂರಿಗೆ ಸಮೀಪದ ಇಟಗಿಯಿಂದ ಕಡಲು ಏನಿಲ್ಲೆಂದರೂ ಸುಮಾರು 200 ಕಿ.ಮೀ. ದೂರ. ಸುತ್ತಲೂ ಎರೆಭೂಮಿ, ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿನ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಬಳಪದ ಕಲ್ಲಿನ ಆ ಕಂಬಗಳನ್ನು ಕಂಡವರಿಗೆ ಈ ಬಿರುದು ಅತಿಶಯೋಕ್ತಿ ಎನಿಸುವುದಿಲ್ಲ. ತಂದೆ ತಾಯಿಯರ ನೆನಪಿಗೂ ದಂಡನಾಯಕ ಅಲ್ಲಿಯೇ ಗುಡಿಗಳನ್ನು ಎತ್ತಿಸಿದ.

ಇಂತಹ ಒಳನಾಡಿನ ಊರಿಗೂ ಹಡಗು ಪ್ರಯಾಣಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಸಂಬಂಧ ಸುಂಕದ ಕಟ್ಟೆಯಲ್ಲಿದೆ. ಆ ಕಾಲದ ಶಾಸನಗಳಲ್ಲಿ ಪದೇ ಪದೇ ಬರುವ ಹೆಜ್ಜುಂಕ, ವಡ್ಡರಾವುಳ ಮೊದಲಾದ ತೆರಿಗೆಗಳನ್ನು ನೋಡಿಕೊಳ್ಳುತ್ತಿದ್ದವರು ದಂಡನಾಯಕರೇ. ಹೇರೆತ್ತುಗಳ ಮೇಲೆ ಸರಕು ಬರಬೇಕು, ಸುಂಕ ಸಲ್ಲಬೇಕು, ಆ ಹೊನ್ನಿನಲ್ಲಿ ದತ್ತಿ ನಡೆಯಬೇಕು. ಹತ್ತಿರದ ಲಕ್ಕುಂಡಿಯ ಟಂಕಸಾಲೆಯ ಗದ್ಯಾಣಕ್ಕೆ ನಾಡಿನಲ್ಲೆಲ್ಲ ಚಲಾವಣೆಯಿತ್ತು. ಸರಕಿನ ಒಂದು ತುದಿ ಇಲ್ಲಿದ್ದರೆ ಇನ್ನೊಂದು ತುದಿ ಘಟ್ಟದ ಕೆಳಗೆ, ಕಡಲ ಅಂಚಿನಲ್ಲಿತ್ತು.

ಈ ವ್ಯಾಪಾರದ ನಾಯಕರು ಅಯ್ಯಾವೊಳೆಯ ಐನೂರ್ವರು. ಐಹೊಳೆಯಲ್ಲಿ ಬೇರೂರಿದ ಈ ವರ್ತಕ ಸಂಘ ನೆಲದ ದಾರಿಯಲ್ಲೂ ಜಲದ ದಾರಿಯಲ್ಲೂ ದೇಶ ದೇಶಗಳನ್ನು ಸುತ್ತಿ ಆನೆ, ಕುದುರೆ, ಮುತ್ತು, ನೀಲಮಣಿ, ಕರ್ಪೂರ, ಏಲಕ್ಕಿಗಳ ವ್ಯಾಪಾರ ನಡೆಸಿದ್ದನ್ನು ಶಾಸನಗಳು ಹಾಡಿ ಹೊಗಳುತ್ತವೆ. ಐನೂರ್ವರ ಹೆಸರು ಹೊತ್ತ 1088ರ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದ ಬರೂಸಿನಲ್ಲಿ ಸಿಕ್ಕಿದೆ. ಆದ್ದರಿಂದ ಇದು ಬರಿಯ ಹೊಗಳಿಕೆಯ ಮಾತಲ್ಲ. ಆದರೆ ಪ್ರಶಸ್ತಿ ಶಾಸನಗಳು ಶೌರ್ಯವನ್ನು ಹೇಳುವಷ್ಟು ಲೆಕ್ಕವನ್ನು ಹೇಳುವುದಿಲ್ಲ. ಹತ್ತಾರು ಜನ ಒಂದು ಹಡಗಿನಲ್ಲಿ ಹೊರಡುವುದನ್ನು ಯಾರು ಗೊತ್ತುಮಾಡುತ್ತಿದ್ದರು, ಖರ್ಚು ಹೇಗೆ ಹಂಚಿಕೊಳ್ಳುತ್ತಿದ್ದರು, ಬುತ್ತಿ ಏನು ಕಟ್ಟುತ್ತಿದ್ದರು, ಹಡಗು ಮುಳುಗಿದರೆ ಯಾರ ಗಂಟು ಮುಳುಗುತ್ತಿತ್ತು? ಈ ಪ್ರಶ್ನೆಗಳಿಗೆ ಕಲ್ಲು ಬಾಯಿ ಬಿಡದು.

ಬಾಯಿ ಬಿಟ್ಟದ್ದು ಕಾಗದ. ಅದೂ ಈಜಿಪ್ತಿನಲ್ಲಿ. ಹಳೆಯ ಕೈರೋದ, ಅಂದಿನ ಫುಸ್ತಾತ್ ನಗರದ, ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ 'ಗೆನೀಜಾ' ಎಂಬ ಕೋಣೆಯೊಂದಿತ್ತು. ದೇವರ ಹೆಸರಿರುವ ಬರಹವನ್ನು ಹರಿದೆಸೆಯಬಾರದೆಂಬ ನಂಬಿಕೆಯಿಂದ ಜನ ಹಳೆಯ ಕಾಗದಗಳನ್ನೆಲ್ಲ ಅಲ್ಲಿ ಹಾಕುತ್ತಿದ್ದರು. ಧರ್ಮಗ್ರಂಥದ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರ, ಮದುವೆಯ ಕರಾರು, ಅಂಗಡಿ ಚೀಟಿಗಳೂ ಶತಮಾನಗಟ್ಟಲೆ ಅಲ್ಲಿ ರಾಶಿ ಬಿದ್ದಿದ್ದವು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅವುಗಳ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದ. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಆ ಪತ್ರಗಳನ್ನು ಎಸ್.ಡಿ. ಗೊಯ್ಟೈನ್ ದಶಕಗಳ ಕಾಲ ಓದಿ, ಮೆಡಿಟರೇನಿಯನ್ ಸಮಾಜದ ಚರಿತ್ರೆಯನ್ನು 1967ರಿಂದ ಐದು ಸಂಪುಟಗಳಲ್ಲಿ ಬರೆದರು. ಆ ರಾಶಿಯಲ್ಲೇ ಮಂಗಳೂರೂ ಇತ್ತು.

ಅಬ್ರಹಾಂ ಬೆನ್ ಯಿಜು ಎಂಬಾತ ಮೆಡಿಟರೇನಿಯನ್ ದಂಡೆಯ, ಇಂದಿನ ಟುನೀಸಿಯದ ಮಹ್ದಿಯಾ ಊರಿನ ಯೆಹೂದಿ. ಏಡನ್ನಿಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದು ನೆಲೆಸಿದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆತ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದುಬಂದಿದೆ. ಇಟಗಿಯ ಗುಡಿಗೆ ಆಗ ಇಪ್ಪತ್ತು ವರ್ಷ. ತುಳುನಾಡಿನಲ್ಲಿ ಆಳುಪರ ಆಳ್ವಿಕೆ. ಬೆನ್ ಯಿಜು ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಕಳುಹಿಸಿದ. ಏಡನ್ನಿನ ಗೆಳೆಯರು ಅವನಿಗೆ ತಾಮ್ರ, ಬಟ್ಟೆ, ಸಕ್ಕರೆ, ಒಣದ್ರಾಕ್ಷಿ ಕಳುಹಿಸಿದರು. ಅದರ ಜೊತೆಗೆ ಕಾಗದವನ್ನೂ ತಪ್ಪದೆ ಕಳುಹಿಸುತ್ತಿದ್ದರು. ನಮ್ಮಲ್ಲಿ ಆಗ ಬರೆಯುತ್ತಿದ್ದುದು ಓಲೆಯ ಮೇಲೆ, ಕಡತದ ಮೇಲೆ. ಕರಾವಳಿಯ ಮಳೆಗೂ ಗೆದ್ದಲಿಗೂ ಸಿಕ್ಕಿ ಅವು ಹೋದವು. ಬೆನ್ ಯಿಜುವಿನ ಕಾಗದಗಳು ಈಜಿಪ್ತಿನ ಒಣ ಹವೆಯಲ್ಲಿ ಉಳಿದವು. ಕನ್ನಡ ಕರಾವಳಿಯ ಚರಿತ್ರೆಯ ಒಂದು ಅಧ್ಯಾಯವನ್ನು ಕೈರೋದ ಕಸದ ಕೋಣೆಯಿಂದ ಕಡ ತರಬೇಕಾಗಿ ಬಂದದ್ದು ಹೀಗೆ.

ಈಗಿನ ದಿನಗಳಲ್ಲಿ ಗ್ರೀಸ್, ಕ್ರೊಯೇಷಿಯಾ, ಸಿಸಿಲಿಗಳ ಸುತ್ತಲಿನ ದ್ವೀಪಗಳನ್ನು ನೋಡಲು ಎಂಟು ಹತ್ತು ಜನ ಸೇರಿ ಹಾಯಿದೋಣಿಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿಯುವುದು ಸಾಮಾನ್ಯ. ಶನಿವಾರ ಹತ್ತಿ ಮುಂದಿನ ಶನಿವಾರ ಇಳಿಯುವ ಲೆಕ್ಕ. ಹೊರಡುವ ಮುನ್ನ ಅವರು ಕೂತು ಮಾತಾಡುವ ವಿಷಯಗಳು ನಾಲ್ಕೇ: ಯಾವ ತಿಂಗಳು, ಯಾರ ಜೊತೆ, ಯಾರ ಪಾಲು ಎಷ್ಟು, ಊಟಕ್ಕೆ ಏನು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಬಡಗಣ ದಿಕ್ಕಿನಿಂದ ಬೀಸುವ ಮೆಲ್ತೆಮಿ ಗಾಳಿ ಎದ್ದರೆ ಬಂದರಿನಲ್ಲೇ ಎರಡು ದಿನ ಕೂರಬೇಕಾದೀತು. ರಜೆಯ ಎರಡು ದಿನ ಹಾಳಾಯಿತೆಂದು ಆಗ ಗೊಣಗಾಟ. ಬೆನ್ ಯಿಜುವಿನ ಪತ್ರಗಳಲ್ಲೂ ಇದೇ ನಾಲ್ಕು ವಿಷಯ. ಆದರೆ ಗಾಳಿ ತಪ್ಪಿದರೆ ಅಲ್ಲಿ ಹೋಗುತ್ತಿದ್ದುದು ದಿನವಲ್ಲ, ವರ್ಷ.

ಮೆಡಿಟರೇನಿಯನ್‌ನಲ್ಲಿ ಚಳಿಗಾಲ ಬಂತೆಂದರೆ ಕಡಲು 'ಮುಚ್ಚಿತು' ಎನ್ನುತ್ತಿದ್ದರು. ವಸಂತದಲ್ಲಿ ಮತ್ತೆ ತೆರೆಯುತ್ತಿತ್ತು. ನಮ್ಮ ಕಡಲು ಮುಚ್ಚುವುದು ಮಳೆಗಾಲದಲ್ಲಿ. ಜೂನ್‌ನಿಂದ ನೈಋತ್ಯ ಮಾರುತ ಅಬ್ಬರಿಸುವಾಗ ಕರಾವಳಿಯ ಬಂದರುಗಳಿಗೆ ಹಡಗು ಬರುವಂತಿರಲಿಲ್ಲ. ಆ ಮಾರುತ ಇಳಿಮುಖವಾಗುವ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಏಡನ್ನಿನಿಂದ ಹೊರಟರೆ ಅದರ ಬಾಲ ಹಿಡಿದು ಇಲ್ಲಿಗೆ ಬರಬಹುದು. ಹಿಂದಿರುಗಲು ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ಕಾದು, ಚಳಿಗಾಲದಲ್ಲಿ ಹಾಯಿ ಬಿಚ್ಚಬೇಕು. ನೂಲ ಹುಣ್ಣಿಮೆಯ ದಿನ ಸಮುದ್ರ ಪೂಜೆ ಮಾಡಿ ತೆಂಗಿನಕಾಯಿ ಅರ್ಪಿಸುವ ಕರಾವಳಿಯ ಮೊಗವೀರರಿಗೆ ಈ ಪಂಚಾಂಗವನ್ನು ಯಾರೂ ವಿವರಿಸಬೇಕಾಗಿಲ್ಲ. ಅದು ಪೂಜೆಯೂ ಹೌದು, ಕಡಲು ತೆರೆಯಿತೆಂಬ ಪ್ರಕಟಣೆಯೂ ಹೌದು.

ಗಾಳಿಯ ನಂತರ ಜೊತೆ. ಒಂಟಿ ಹಡಗಿಗಿಂತ ಹಡಗುಗಳ ಗುಂಪು ಲೇಸೆಂಬುದು ಎಲ್ಲರಿಗೂ ಗೊತ್ತಿತ್ತು. ಹೀಗೆ ಒಟ್ಟಾಗಿ ಹೊರಡುವ ಹಡಗುಗಳನ್ನು ಗೆನೀಜಾ ಪತ್ರಗಳು 'ಕಾರಿಮ್' ಎಂದು ಕರೆಯುತ್ತವೆ. ಈ ಪದ ತಮಿಳಿನ 'ಕಾರಿಯಂ', ಅಂದರೆ ನಮ್ಮ 'ಕಾರ್ಯ'ದಿಂದ ಬಂದಿರಬಹುದೆಂದು ಗೊಯ್ಟೈನ್ ಊಹಿಸಿದ್ದರು. ಊಹೆ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಕಳ್ಳರ ಭಯವೂ ಕಡಿಮೆಯದಲ್ಲ. 1135ರಲ್ಲಿ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ಒಡೆಯ ಏಡನ್ ಬಂದರಿಗೇ ನೌಕಾಪಡೆ ಕಳುಹಿಸಿ ಮುತ್ತಿಗೆ ಹಾಕಿಸಿದಾಗ, ರಾಮಿಶ್ತ್ ಎಂಬ ಹೆಸರಾಂತ ವರ್ತಕನ ಎರಡು ಹಡಗುಗಳು ಬಂದು ಊರನ್ನು ಪಾರುಮಾಡಿದವು.

ಜೊತೆ ಕೂಡಿಸುವ ಪತ್ರವೊಂದು ಬಹಳ ಸ್ವಾರಸ್ಯಕರವಾಗಿದೆ. ಏಡನ್ ವರ್ತಕರ ಮುಖಂಡ ಮದ್ಮೂನ್ ಇಬ್ನ್ ಹಸನ್ ಬೆನ್ ಯಿಜುವಿಗೆ ಬರೆದು, ಮಂಗಳೂರಿನ ಮೂವರು ವರ್ತಕರಿಗೆ ತನ್ನ ವಂದನೆ ತಿಳಿಸುವಂತೆ ಕೇಳುತ್ತಾನೆ. ಬರುವ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಬರಲಿದೆ, ಅವರು ಮಂಗಳೂರಿನಿಂದ ಹಡಗು ಸಜ್ಜುಗೊಳಿಸುವುದಾದರೆ ತನ್ನದೂ ಪಾಲು ಇರಲಿ ಎಂಬುದು ಸಾರಾಂಶ. ಈ ಮೂವರಲ್ಲಿ ಒಬ್ಬ ಮುಸ್ಲಿಂ, ಒಬ್ಬ ಗುಜರಾತಿನ ಬನಿಯಾ, ಇನ್ನೊಬ್ಬ ತುಳುನಾಡಿನ ಭೂಮಾಲೀಕ ಪಂಗಡದವನು ಎಂದು ಲೇಖಕ ಅಮಿತಾವ್ ಘೋಷ್ ಗುರುತಿಸಿದ್ದಾರೆ. ಆಹ್ವಾನಿಸಿದವನು ಯೆಹೂದಿ. ಇದನ್ನು ಸೌಹಾರ್ದದ ಆದರ್ಶವೆಂದು ಮೆರೆಸಬೇಕಾಗಿಲ್ಲ. ಲಾಭ ಬೇಕಿದ್ದವರು ನಂಬಿಕಸ್ತರನ್ನು ಹುಡುಕಿಕೊಂಡರು, ಅಷ್ಟೆ. ಆದರೆ ಆ ನಂಬಿಕೆ ಸಮುದ್ರದಾಚೆಗೆ ಚಾಚಿತ್ತು, ಮತ್ತು ಅದನ್ನು ಕಾಯಲು ಯಾವ ನ್ಯಾಯಾಲಯವೂ ಎರಡೂ ದಡಗಳಲ್ಲಿ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಪಾಲಿನ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದು ತಿಳಿಯುವುದು ಅಪಘಾತವಾದಾಗ. ಬೆನ್ ಯಿಜು ತನ್ನ ಸರಕನ್ನು ಒಂದೇ ಹಡಗಿಗೆ ತುಂಬುತ್ತಿರಲಿಲ್ಲ. ಹಲವು ಹಡಗುಗಳಿಗೆ ಹಂಚುತ್ತಿದ್ದ. ಒಮ್ಮೆ ಅವನ ಮೆಣಸು, ಕಬ್ಬಿಣ ಹೊತ್ತ ಕೊಲ್ಲಂನ ಹಡಗೊಂದು ಆಫ್ರಿಕದ ಬರ್ಬೆರಾವರೆಗೆ ಕ್ಷೇಮವಾಗಿ ಹೋಗಿ, ಬಾಬ್ ಅಲ್ ಮಂದಬ್ ಜಲಸಂಧಿಯಲ್ಲಿ ಮುಳುಗಿತು. ಮೆಣಸು ಪೂರ್ತಿ ಹೋಯಿತು ಎಂದು ಏಡನ್ನಿನಿಂದ ಪತ್ರ ಬಂತು. ಕಬ್ಬಿಣಕ್ಕಾಗಿ ಮಾತ್ರ ಏಡನ್ನಿನಿಂದ ನುರಿತ ಮುಳುಗುಗಾರರನ್ನು ಕರೆಸಿದರು. ಅವರು ಸುಮಾರು ಅರ್ಧದಷ್ಟನ್ನು ಮೇಲೆತ್ತಿದರು. ಪತ್ರ ಬರೆಯುತ್ತಿರುವ ಹೊತ್ತಿಗೇ ಕಬ್ಬಿಣ ಸುಂಕದ ಕಟ್ಟೆಯಿಂದ ಮದ್ಮೂನನ ಉಗ್ರಾಣಕ್ಕೆ ಹೋಗುತ್ತಿದೆ, ಮುಳುಗುಗಾರರ ಕೂಲಿಯನ್ನೂ ಸಾಗಣೆಯನ್ನೂ ಕಳೆದು ಉಳಿದದ್ದನ್ನು ಹಂಚಲಾಗುವುದು ಎಂದೂ ಬರೆದಿದೆ. ದುಃಖದ ಮಾತಿನ ಜೊತೆಗೇ ಲೆಕ್ಕ.

ಇನ್ನು ಬುತ್ತಿ. ಹಡಗಿನವರು ಊಟ ಹಾಕುವ ಪದ್ಧತಿ ಇರಲಿಲ್ಲ. ಪ್ರಯಾಣಿಕನೇ ಅಕ್ಕಿ, ಪಾತ್ರೆ, ಹಾಸಿಗೆಗಳನ್ನು ಹೊತ್ತೊಯ್ಯಬೇಕು. ಬೆನ್ ಯಿಜು ಏಡನ್ ಪ್ರಯಾಣಕ್ಕೆಂದು ತನ್ನ ಕೈಯಾರೆ ಬರೆದುಕೊಂಡ ಸಾಮಾನು ಪಟ್ಟಿ ಉಳಿದಿದೆ. ಎಲಿಜಬೆತ್ ಲ್ಯಾಂಬರ್ನ್ 2018ರಲ್ಲಿ ಆ ಒಂದು ಪಟ್ಟಿಯ ಮೇಲೆಯೇ ಇಡೀ ಪುಸ್ತಕ ಬರೆದಿದ್ದಾರೆ. ಅದರಲ್ಲಿ ಅಕ್ಕಿಯಿದೆ, ಹುಳಿ ಪದಾರ್ಥಗಳಿವೆ, ಹಡಗಿನ ಮೇಲೆ ಆತನ ಪಾಲಿಗೆ ಬಂದ ಸಣ್ಣ ಕೋಣೆಗೆ ಬೇಕಾದ ಸಾಮಾನುಗಳಿವೆ. ಚರಿತ್ರೆಯ ಪುಸ್ತಕಗಳಲ್ಲಿ ರಾಜರ ದಿಗ್ವಿಜಯಗಳನ್ನು ಓದಿ ದಣಿದವರು ಇಂತಹ ಪಟ್ಟಿಯೊಂದನ್ನು ಓದಬೇಕು.

ಆದರೆ ಹೆಚ್ಚಿನ ಪ್ರಯಾಣಗಳನ್ನು ಮಾಡಿದವನು ಬೆನ್ ಯಿಜು ಅಲ್ಲ, ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ದಾಸ. ಅಂದಿನ ಲೋಕದಲ್ಲಿ ದಾಸನೆಂದರೆ ನಂಬುಗೆಯ ಮುನೀಮನೂ ಆಗಿರಬಹುದಿತ್ತು. ಏಡನ್ನಿನಲ್ಲಿ ಇರುವಷ್ಟು ಕಾಲ ಅವನಿಗೆ ತಿಂಗಳಿಗೆ ಎರಡು ದಿನಾರ್ ಸಂಬಳ. ಅಲ್ಲಿ ಕುಡಿದು, ಇನ್ನೂ ಹಣ ಬೇಕೆಂದು ಮದ್ಮೂನನನ್ನು ಪೀಡಿಸಿದ ದೂರು ಒಂದು ಪತ್ರದಲ್ಲಿದೆ. ಆಮೇಲಿನ ಪತ್ರಗಳಲ್ಲಿ ಅದೇ ಏಡನ್ನಿನವರು ಅವನಿಗೆ ಆದರದಿಂದ ವಂದನೆ ಕಳುಹಿಸುತ್ತಾರೆ. ಅವನ ಹೆಸರು ಹೀಬ್ರೂ ಅಕ್ಷರಗಳಲ್ಲಿ 'ಬ-ಮ-ಹ' ಎಂದಷ್ಟೇ ಇತ್ತು. 'ಬಾಮಾ' ಎಂದು ಓದಿ, 'ಬ್ರಹ್ಮ'ನ ರೂಪವಿರಬೇಕೆಂದು ಮೊದಲು ತಿಳಿಯಲಾಗಿತ್ತು. ಘೋಷ್ ಈ ಒಗಟನ್ನು ಮಂಗಳೂರಿಗೆ ತಂದು ಜಾನಪದ ವಿದ್ವಾಂಸ ಬಿ.ಎ. ವಿವೇಕ ರೈ ಅವರ ಮುಂದಿಟ್ಟರು. ಆ ಲಿಪಿಯಲ್ಲಿ ಒತ್ತಕ್ಷರ ಕಾಣದು, ಹೆಸರು 'ಬೊಮ್ಮ'. ಬೊಮ್ಮರಸ, ಬೊಮ್ಮಯ್ಯ, ಬೊಮ್ಮಕ್ಕರನ್ನು ಕಂಡ ಕನ್ನಡಿಗರಿಗೆ ಇದು ಮನೆಯ ಹೆಸರು. ಘೋಷ್ 1992ರಲ್ಲಿ ಅವನ ಬಗ್ಗೆ ಪ್ರಬಂಧವನ್ನೂ ಪುಸ್ತಕವನ್ನೂ ಪ್ರಕಟಿಸಿದ ಮೇಲೆ ಆ ಹೆಸರು ಲೋಕಕ್ಕೆ ತಿಳಿಯಿತು.

ಕಥೆಯ ಕೊನೆಯ ಭಾಗ ಮೆಡಿಟರೇನಿಯನ್ ದ್ವೀಪಕ್ಕೇ ಹೋಗುತ್ತದೆ. 1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನ ಪಡೆ ಮಹ್ದಿಯಾವನ್ನು ಗೆದ್ದಿತು. ಬೆನ್ ಯಿಜುವಿನ ಬಂಧುಗಳು ನೆಲೆ ತಪ್ಪಿ ಸಿಸಿಲಿ ದ್ವೀಪ ಸೇರಿದರು. ಮರುವರ್ಷ ಮಕ್ಕಳೊಡನೆ ಮಂಗಳೂರು ಬಿಟ್ಟು ಏಡನ್ ತಲುಪಿದ ಬೆನ್ ಯಿಜು, ತನ್ನ ಬಳಿ ಎಲ್ಲರಿಗೂ ಸಾಕಾಗುವಷ್ಟಿದೆ, ಬನ್ನಿ ಎಂದು ಸೋದರರಿಗೆ ಬರೆದ. ಬಂಧುಗಳ ಈ ಕೂಡುವಿಕೆಯನ್ನು ಗೊತ್ತುಮಾಡಲು ಏಳು ವರ್ಷ ಹಿಡಿಯಿತು. ನಡುವೆ ಮಗ ಯೆಮನ್ನಿನಲ್ಲಿ ತೀರಿಕೊಂಡ. ಸಿಸಿಲಿಯಿಂದ ಹೊರಟ ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಾದ ಮೋಶೆ ಕಡಲ್ಗಳ್ಳರ ಕೈಗೆ ಸಿಕ್ಕಿ ಟೈರ್ ಪಟ್ಟಣಕ್ಕೆ ಒಯ್ಯಲ್ಪಟ್ಟು, ಬಿಡುಗಡೆಯಾಗಿ ಬಂದ. ಇನ್ನೊಬ್ಬ ಸುರೂರ್. ಅವನಿಗೂ ಬೆನ್ ಯಿಜುವಿನ ಮಗಳಿಗೂ 1156ರಲ್ಲಿ ಫುಸ್ತಾತ್‌ನಲ್ಲಿ ಮದುವೆಯಾಯಿತು. ಮಲಬಾರ್ ಕರಾವಳಿಯಲ್ಲಿ ಹುಟ್ಟಿದ ಆಕೆಯ ಹೆಸರು ಸಿತ್ ಅಲ್ ದಾರ್, ಎಂದರೆ ಮನೆಯೊಡತಿ. ಆಕೆಯ ತಾಯಿ ಅಶುವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಊರು ಬಿಟ್ಟ ಮೇಲಿನ ಪತ್ರಗಳಲ್ಲಿ ಅಶುವಿನ ಹೆಸರು ಬರುವುದಿಲ್ಲ.

ಬೊಮ್ಮನ ಹೆಸರು ಬರುತ್ತದೆ. ಈಜಿಪ್ತಿನಲ್ಲಿ ಬೆನ್ ಯಿಜು ಬರೆದಿಟ್ಟ ಲೆಕ್ಕದ ಚೂರೊಂದು ಹೇಗೋ ಅಮೆರಿಕದ ಫಿಲಡೆಲ್ಫಿಯಾ ಸೇರಿದೆ. ಅದರಲ್ಲಿ, ಕೊಡಬೇಕಾದ ಹಣದ ಸಾಲುಗಳ ನಡುವೆ, ತುಳುನಾಡಿನ ಈ ಪಯಣಿಗನಿಗೆ ಸಲ್ಲಬೇಕಾದ ಮೊತ್ತವೂ ನಮೂದಾಗಿದೆ.