ಕಾಲೇಜು ಕ್ರೀಡೆ, ಪ್ರಸಾರ ಸಾಧನಗಳು ಮತ್ತು ಪ್ರೇಕ್ಷಕ ಸಮುದಾಯ: ಕಲಬುರಗಿ ಪ್ರಾಂತದ ಒಂದು ಅವಲೋಕನ

ಕ್ರೀಡೆಯ ಇತಿಹಾಸವನ್ನು ಬರೆಯಹೊರಟವರು ಆಟಗಾರರನ್ನೂ ಪಂದ್ಯಗಳ ಫಲಿತಾಂಶಗಳನ್ನೂ ವಿಚಾರಿಸುವಷ್ಟು ಶ್ರದ್ಧೆಯಿಂದ ಪ್ರೇಕ್ಷಕನನ್ನು ವಿಚಾರಿಸಿದುದು ವಿರಳ. ಆದರೆ ಮೈದಾನದ ಅಂಚಿನಲ್ಲಿ ನಿಂತು ನೋಡಿದವನೂ, ರೇಡಿಯೋದ ಮುಂದೆ ಕುಳಿತು ಕೇಳಿದವನೂ, ಅಂಗೈಯ ಮೊಬೈಲಿನಲ್ಲಿ ವೀಕ್ಷಿಸುತ್ತಿರುವವನೂ ಒಂದೇ ಆಟವನ್ನು ಕಂಡವರಲ್ಲ. ಪ್ರತಿಯೊಂದು ಪ್ರಸಾರ ಸಾಧನವೂ ತನ್ನ ಸ್ವಭಾವಕ್ಕೆ ಒಗ್ಗುವ ಆಟವನ್ನು ಆಯ್ದುಕೊಂಡು, ಒಗ್ಗದುದನ್ನು ಮರೆಯಲ್ಲಿಯೇ ಉಳಿಸಿತೆಂಬುದು ಕಲಬುರಗಿಯ ಕಾಲೇಜು ಕ್ರೀಡೆಯನ್ನು ಅವಲೋಕಿಸಿದಾಗ ವಿಶದವಾಗುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ವಿಶ್ವವಿದ್ಯಾಲಯದ ಆಟವು ಪ್ರಸಾರದ ಬಾಲ್ಯದಲ್ಲಿಯೇ ಅದರ ವಸ್ತುವಾಯಿತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳ ದೋಣಿಪಂದ್ಯವನ್ನು ಬಿಬಿಸಿಯು 1927ರಲ್ಲಿಯೇ ಬಿತ್ತರಿಸಿತು. ಅಮೆರಿಕದಲ್ಲಿ ಮೊತ್ತಮೊದಲು ದೂರದರ್ಶನದಲ್ಲಿ ಕಾಣಿಸಿಕೊಂಡ ಬೇಸ್‌ಬಾಲ್ ಪಂದ್ಯವು 1939ರಲ್ಲಿ ಕೊಲಂಬಿಯಾ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ನಡುವೆ ನಡೆದುದು. ಮನೆಯಲ್ಲಿಯೇ ಆಟ ಕಾಣುವುದಾದರೆ ಕ್ರೀಡಾಂಗಣಕ್ಕೆ ಬರುವವರಾರೆಂಬ ಭಯದಿಂದ ಅಲ್ಲಿಯ ಕಾಲೇಜು ಕ್ರೀಡಾಸಂಘವು 1950ರ ದಶಕದ ಆರಂಭದಲ್ಲಿ ದೂರದರ್ಶನ ಪ್ರಸಾರಕ್ಕೆ ಮಿತಿಯನ್ನು ವಿಧಿಸಿತು. ಆ ನಿರ್ಬಂಧದ ಪರಂಪರೆಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಮುರಿಯಿತು. ಪ್ರಸಾರದ ಆಧಿಕ್ಯವೇ ಅಲ್ಲಿಯ ಸಮಸ್ಯೆಯಾಗಿದ್ದಿತು. ನಮ್ಮಲ್ಲಿ ಪ್ರಸಾರದ ಅಭಾವವೇ ಸಮಸ್ಯೆಯಾಯಿತು.

ನಿಜಾಮರ ಆಳ್ವಿಕೆಯಲ್ಲಿ ಈ ಪ್ರಾಂತವು ಹೈದರಾಬಾದಿನ ಡೆಕ್ಕನ್ ರೇಡಿಯೋದ ಕಡೆಗೆ ಕಿವಿಗೊಟ್ಟಿದ್ದಿತು. 1950ರಲ್ಲಿ ಆ ಕೇಂದ್ರವು ಆಕಾಶವಾಣಿಯಲ್ಲಿ ಲೀನವಾಯಿತು. 1956ರಲ್ಲಿ ಪ್ರಾಂತವು ಕನ್ನಡ ರಾಜ್ಯವನ್ನು ಸೇರಿದ ಮೇಲೆ, 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಜನ್ಮತಾಳಿ, ಕಾಲೇಜುಗಳು ಬೆಳೆದು, ಅಂತರ ಕಾಲೇಜು ಪಂದ್ಯಾವಳಿಗಳಿಗೆ ಸ್ಥಳೀಯ ನೆಲೆಯೊಂದು ಒದಗಿತು. ಕಲಬುರಗಿಗೆ ಆಕಾಶವಾಣಿ ಬಂದುದು 1966ರಲ್ಲಿ. ಧಾರವಾಡದ ವಿಶ್ವವಿದ್ಯಾಲಯದ ಆಶ್ರಯದಿಂದ ಬೇರ್ಪಟ್ಟು, ಕಲಬುರಗಿಯ ಹಳೆಯ ಹೆಸರನ್ನು ಹೊತ್ತ ಗುಲ್ಬರ್ಗ ವಿಶ್ವವಿದ್ಯಾಲಯವು ಸ್ವತಂತ್ರವಾಗಿ ನಿಂತುದು 1980ರಲ್ಲಿ. ಆದರೂ ರೇಡಿಯೋ ಒಲಿದುದು ಕ್ರಿಕೆಟ್ಟಿಗೆ. ಚೆಂಡಿಗೂ ಚೆಂಡಿಗೂ ನಡುವೆ ದೊರೆಯುವ ವಿರಾಮದಲ್ಲಿ ವೀಕ್ಷಕ ವಿವರಣೆಗಾರನು ಗಾಳಿಯನ್ನೂ ಮೋಡವನ್ನೂ ವರ್ಣಿಸಬಲ್ಲನು. ಅದೇ ಕಬಡ್ಡಿಯಲ್ಲಿ, ಉಸಿರು ಹಿಡಿದು ನುಗ್ಗಿದ ದಾಳಿಗಾರನನ್ನು ಏಳುಮಂದಿ ಸುತ್ತುವರಿದು ಕೆಡಹುವಷ್ಟರಲ್ಲಿ ಮಾತು ಹಿಂದುಳಿಯುತ್ತದೆ. ಈ ನಾಡಿನ ಹುಡುಗರಿಗೆ ಅತ್ಯಂತ ಪ್ರಿಯವಾದ ಕಬಡ್ಡಿ ಮತ್ತು ಖೋಖೋಗಳು ಶ್ರವ್ಯ ಮಾಧ್ಯಮದಲ್ಲಿ ಮೂಕವಾದುದಕ್ಕೆ ಆಟದ ದೋಷ ಕಾರಣವಲ್ಲ, ಸಾಧನದ ಪರಿಮಿತಿ ಕಾರಣ.

ದೂರದರ್ಶನದ ವಿಷಯದಲ್ಲಿ ಈ ಜಿಲ್ಲೆಗೆ ಒಂದು ವಿಶಿಷ್ಟ ಸ್ಥಾನವುಂಟು. 1975ರ ಆಗಸ್ಟಿನಿಂದ ಒಂದು ವರ್ಷ ಪರ್ಯಂತ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗಕ್ಕೆ ಆರಿಸಿಕೊಂಡ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಗ್ರಾಮಗಳೂ ಸೇರಿದ್ದುವು. ಬೆಂಗಳೂರಿಗೆ ದೂರದರ್ಶನ ಕೇಂದ್ರವು 1981ರಲ್ಲಿ ಬಂದುದನ್ನು ನೆನೆದರೆ, ಈ ಒಣ ಸೀಮೆಯ ಹಳ್ಳಿಗರು ರಾಜಧಾನಿಗಿಂತ ಮುಂಚಿತವಾಗಿ ಈ ಅದ್ಭುತವನ್ನು ಕಂಡರೆಂಬುದು ಹೆಮ್ಮೆಯ ಸಂಗತಿ. ಆದರೆ ಅಲ್ಲಿ ಬಿತ್ತರವಾದುದು ಮುಖ್ಯವಾಗಿ ಕೃಷಿ, ಆರೋಗ್ಯ, ಶಿಕ್ಷಣ. ತರುವಾಯ 1982ರ ದೆಹಲಿ ಏಷ್ಯಾ ಕ್ರೀಡಾಕೂಟದೊಡನೆ ಬಣ್ಣದ ಪರದೆ ಬಂದಿತು. ಕಲಬುರಗಿಯ ವೀಕ್ಷಕನಿಗೆ ದೆಹಲಿಯ ಕ್ರೀಡಾಂಗಣವು ಪರಿಚಿತವಾಯಿತು, ತನ್ನ ಊರಿನ ಮೈದಾನದ ಅಂತರ ಕಾಲೇಜು ಪಂದ್ಯವು ಮಾತ್ರ ಅಲ್ಲಿಗೆ ನಡೆದುಹೋದವನಿಗಷ್ಟೇ ಲಭ್ಯವಾಗಿ ಉಳಿಯಿತು. ವಾಯುತರಂಗಗಳು ಸಾರ್ವಜನಿಕ ಸಂಪತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿದ ಮೇಲೂ, ಅದರ ಫಲವು ಕ್ರಿಕೆಟ್ಟಿನ ವಾಣಿಜ್ಯಕ್ಕೆ ದೊರೆತಷ್ಟು ವಿದ್ಯಾರ್ಥಿಗಳ ಆಟಕ್ಕೆ ದೊರೆಯಲಿಲ್ಲ.

2016ರ ಅನಂತರ ಅಂತರ್ಜಾಲವು ಅಗ್ಗವಾದಾಗ ಈ ಸ್ಥಿತಿ ಪಲ್ಲಟಗೊಂಡಿತು. ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ಎತ್ತರದಲ್ಲಿ ನಿಲ್ಲಿಸಿದ ಒಂದೇ ಮೊಬೈಲಿನ ಕಣ್ಣಿಗೆ ಅದು ಇಡಿಯಾಗಿ ನಿಲುಕುತ್ತದೆ. ಹಲವಾರು ಕ್ಯಾಮೆರಾಗಳಿಲ್ಲದೆ ಕ್ರಿಕೆಟ್ ಮೈದಾನವನ್ನು ಹಿಡಿಯಲಾಗದು. ರೇಡಿಯೋ ಕೈಬಿಟ್ಟ ಆಟವನ್ನೇ ಮೊಬೈಲು ಕೈಹಿಡಿಯಿತು! ಹುಮನಾಬಾದ್ ಮಾರ್ಗದಲ್ಲಿರುವ, ಕೆಂಪು ಬಾಳೆಗೆ ಪ್ರಸಿದ್ಧವಾದ ಕಮಲಾಪುರದಂತಹ ಊರಿನಿಂದ ನಗರದ ಕಾಲೇಜಿಗೆ ಹೋಗಿ ಆಡುವ ಹುಡುಗಿಯ ಪಂದ್ಯವನ್ನು, ಬಸ್ಸು ಹತ್ತಿ ಬರಲಾರದ ತಾಯಿಯು ಮನೆಯಲ್ಲಿಯೇ ಯೂಟ್ಯೂಬಿನಲ್ಲಿ ನೋಡುವುದು ಈಗ ಸಾಧ್ಯ. ನನ್ನ ದೃಷ್ಟಿಯಲ್ಲಿ ಈ ಶತಮಾನದ ಪ್ರಸಾರ ಪರಿವರ್ತನೆಯಲ್ಲಿ ಇದಕ್ಕಿಂತ ಮಹತ್ತಾದುದು ಬೇರೊಂದಿಲ್ಲ. ಏಕೆಂದರೆ ಮೈದಾನದ ಗುಂಪಿನಲ್ಲಿ ನಿಲ್ಲಲು ಅವಕಾಶವೇ ಇಲ್ಲದಿದ್ದ ಸ್ತ್ರೀಯರು ಈ ಮೂಲಕ ಪ್ರೇಕ್ಷಕ ಸಮುದಾಯವನ್ನು ಸೇರಬಲ್ಲರು.

ಭುವನೇಶ್ವರದಲ್ಲಿ 2020ರಲ್ಲಿಯೂ ಬೆಂಗಳೂರಿನಲ್ಲಿ 2022ರಲ್ಲಿಯೂ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಗಳು ವಿದ್ಯಾರ್ಥಿಗಳ ಆಟವನ್ನು ರಾಷ್ಟ್ರೀಯ ಪ್ರಸಾರದ ಮಟ್ಟಕ್ಕೇರಿಸಿದುದು ನಿಜ. ಆದರೆ ಹೆಸರು ಪ್ರಸಾರವಾದ ಮಾತ್ರಕ್ಕೆ ಊರು ಪ್ರಸಾರವಾಗುವುದಿಲ್ಲ: 2022ರ ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯನ್ನು ಗೆದ್ದ ತಂಡ ಗುಲ್ಬರ್ಗ ಮಿಸ್ಟಿಕ್ಸ್, ಪಂದ್ಯಗಳು ನಡೆದುದು ಮೈಸೂರು ಬೆಂಗಳೂರುಗಳಲ್ಲಿ.

ಇಂದಿನ ನೇರಪ್ರಸಾರಕ್ಕೊಂದು ದೊಡ್ಡ ಕೊರತೆಯಿದೆ. ದೃಶ್ಯವಿದ್ದರೂ ಎಷ್ಟೋ ಸಲ ವಿವರಣೆಯಿರುವುದಿಲ್ಲ. ಆಟಗಾರರ ಹೆಸರಾಗಲಿ, ದಿನಾಂಕವಾಗಲಿ ದಾಖಲಾಗುವುದಿಲ್ಲ. ಚಿತ್ರೀಕರಿಸಿದವನ ಖಾತೆ ಅಳಿದರೆ ಪಂದ್ಯವೂ ಅಳಿಯುತ್ತದೆ. ಆದುದರಿಂದ ಗುಲ್ಬರ್ಗ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಮತ್ತು ಪತ್ರಿಕೋದ್ಯಮ ವಿಭಾಗಗಳು ಒಡಗೂಡಿ, ಅಂತರ ಕಾಲೇಜು ಪಂದ್ಯಗಳ ದೃಶ್ಯಮುದ್ರಿಕೆಗಳನ್ನು ತಂಡ, ಆಟಗಾರ, ದಿನಾಂಕಗಳ ಸಹಿತ ಗ್ರಂಥಾಲಯದಲ್ಲಿ ಸಂರಕ್ಷಿಸಬೇಕು. ಈ ಸೀಮೆಯ ಕನ್ನಡದಲ್ಲಿ ಕಬಡ್ಡಿಯನ್ನು ವಿವರಿಸಬಲ್ಲ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ತರಬೇತುಗೊಳಿಸಬೇಕು. ಕಾಲೇಜುಗಳ ಆಡಳಿತ ಮಂಡಲಿಗಳು ಈ ಕಾರ್ಯವನ್ನು ಬರುವ ಕ್ರೀಡಾಋತುವಿನಲ್ಲಿಯೇ ಆರಂಭಿಸಬೇಕೆಂದು ಪ್ರಾರ್ಥಿಸುತ್ತೇನೆ.